ಹುಳ ಅಂದ್ರ ಬ್ಯಾಡ, ದವಾ ಅಂದ್ರ ಕೊಡು

ನನ್ನ ತಮ್ಮ ಹುಳ ಸಾಕತಿದ್ದ. ಮಂದಿ ಎಮ್ಮಿ ಸಾಕತಾರ, ಕೋಳಿ ಸಾಕತಾರ. ಇವ ಕಣ್ಣಿಗೆ ಕಾಣದ ಹುಳ ಸಾಕಿ, ಕರಿ ಪುಡಿಯೊಳಗ ಕಲಸಿ, ಪಾಕೀಟು ಕಟ್ಟಿ ಮಾರತೀನಂತ ಯುನಿವರ್ಸಿಟಿ ನೌಕರಿಗೆ ರಜಾ ಹಾಕಿ ಹುಮನಾಬಾದಿಗೆ ಬಂದ. ಅವನ ಕೂಡ ನಾನೂ ಬಂದೆ. ಅಡಗಿ ಮಾಡಾಕ ಅಂತ ಬಂದಾಕಿ ಪಾಕೀಟು ಕಟ್ಟಾಕ ಕುಂತೆ. ಆ ಕಂಪನಿ ಹ್ಯಾಂಗ ಎದ್ದಿತು, ಎದ್ದದ್ದು ಹ್ಯಾಂಗ ಕುಂತಿತು ಅನ್ನೋದು ನನ್ನ ಕಣ್ಣ ಮುಂದ ಆಗೇದ. ನಡುವ ಕೈ ಹಾಕಿ ತಡಿಯೋವಂಥಾದ್ದು ನನ್ನ ಕಡೆ ಏನೂ ಇರಲಿಲ್ಲ. ಅವನ ಕಡೆನೂ ಇರಲಿಲ್ಲ.

ನಾನು ಕಲಿತದ್ದು ಕಡಿಮಿ. ಬೀದರ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿ, ನಮ್ಮೂರಿನ ಹೆಸರಿಗೆ ಬಸವ ಕೂಡಿ ಬಸವಕಲ್ಯಾಣ ಆದ ಹೊತ್ತಿನಾಗ ತಮ್ಮನ್ನ ಸಾಲಿಗೆ ಹಾಕಿದ್ರು. ಉರ್ದು ಮಾಸ್ತರ ಹೋಗಿ ಕನ್ನಡ ಮಾಸ್ತರ ಬಂದಿದ್ದ. ತಮ್ಮ ಒಬ್ಬನ ಕುಂದ್ರಾಕ ಅಳತಿದ್ದ. ಅದಕ್ಕ ನಾನು ಸಾಲಿ ಬಾಗಲದಾಗ ಕುಂದ್ರಬೇಕಾತು. ಒಳಗ ಮಾಸ್ತರ ಫಳಿ ಮ್ಯಾಲ ಬರಿಯೋದು ಬಾಗಲಕ್ಕೂ ಕಾಣತಿತ್ತು. ಅಷ್ಟು ನನಗ ಬಂತು. ತಮ್ಮ ಅಳೋದು ಬಿಟ್ಟ ದಿನ ನನ್ನ ಸಾಲಿನೂ ಮುಗೀತು. ಮುಂದ ಮದಿವಿ ಆತು, ಗಂಡ ಬೇಗ ಹೋದ, ನಾನು ತವರಿಗೆ ತಿರುಗಿ ಬಂದೆ. ಅದರ ಕತಿ ಇಲ್ಲಿ ಬ್ಯಾಡ.

ತಮ್ಮನ ಕತಿ ಹೊಲದಾಗ ಸುರು ಆದದ್ದು. ಮಳಿಗಾಲದಾಗ ಕಸ ತಗಿಯಾಕ ಹೋದ್ರ ಇವ ಕಸ ಬಿಟ್ಟು ತೊಗರಿ ಗಿಡ ಕಿತ್ತು ಬೇರು ನೋಡತಿದ್ದ. ಬೇರಿಗೆ ಸಾಸಿವಿ ಕಾಳಿನಂಥ ಗಂಟು ಇರತಾವ. ಉಗುರಿಲೆ ಒಡದ್ರ ಒಳಗ ಕೆಂಪಗ ಕಾಣತದ.

"ಅಪ್ಪಾ, ಇದು ಏನು?"

"ಗಂಟು."

"ಯಾಕ ಆಗತದ?"

"ಆಗತದ. ಬೆಳಿ ಕೀಳಬ್ಯಾಡ," ಅಂತ ಅಪ್ಪ ಬೆನ್ನಿಗೆ ಒಂದು ಕೊಟ್ಟ.

ಅಪ್ಪ ಹೇಳದ ಉಳಿದದ್ದನ್ನ ಅವ ಸಾಲಿಯಿಂದ ಕಾಲೇಜಿಗೆ, ಕಾಲೇಜಿನಿಂದ ಯುನಿವರ್ಸಿಟಿಗೆ ಕೇಳಕೋತ ಹೋದ. ಆ ಗಂಟಿನೊಳಗ ಕಣ್ಣಿಗೆ ಕಾಣದ ಜೀವ ಇರತಾವಂತ, ಅವು ಗಾಳಿಯೊಳಗಿನ ಗೊಬ್ಬರ ಹಿಡದು ಗಿಡಕ್ಕ ಕೊಡತಾವಂತ. ಅದರ ಮ್ಯಾಲನ ಓದಿ ಡಾಕ್ಟರ್ ಆದ. ಅಲ್ಲೇ ಮಾಸ್ತರಿಕಿನೂ ಸಿಕ್ಕಿತು, ಮದಿವಿ ಆತು, ಮಕ್ಕಳಾದವು. ಡಾಕ್ಟರ್ ಆಗಿ ಮದಲನೇ ಸಲ ಊರಿಗೆ ಬಂದಾಗ ಬಾಜೂ ಮನಿ ಮುದುಕಿ ಕೆಮ್ಮಕೋತ ಬಂದು ಕೈ ಚಾಚಿ ಕುಂತಳು.

"ನಾಡಿ ನೋಡೋ ಯಪ್ಪಾ."

"ನಾ ಆ ಡಾಕ್ಟರ್ ಅಲ್ಲಬೇ, ಆಯೀ."

"ಮತ್ತ ದನದ ಡಾಕ್ಟರ?"

"ಮಣ್ಣಿನ ಡಾಕ್ಟರ್."

"ಮಣ್ಣಿಗೆ ಏನು ಜ್ವರಾ ಬಂದಿರತದೋ?" ಅಂದು ಮುದುಕಿ ಇನ್ನಷ್ಟು ಕೆಮ್ಮಿ, "ಇರಲಿ, ಡಾಕ್ಟರ್ ಅಂದ ಮ್ಯಾಲ ಒಂದು ದವಾ ಕೊಡು," ಅಂದಳು. ಅವ ಬಿಸಿನೀರಿಗೆ ಉಪ್ಪು ಹಾಕಿ ಕುಡಿ ಅಂದ. ಆಕಿಗೆ ಆರಾಮ ಆತು. ಆವತ್ತಿನಿಂದ ಓಣ್ಯಾಗ ಅವ ದವಾ ಕೊಡೋ ಡಾಕ್ಟರ್ ಆದ. ಆ ದವಾ ಅನ್ನೋ ಮಾತು ಮುಂದ ಅವನ ಬೆನ್ನು ಹತ್ತೇ ಬಿಟ್ಟಿತು.

ಯುನಿವರ್ಸಿಟ್ಯಾಗ ಅವಗ ಒಂದು ಹಳಹಳಿ ಇತ್ತು. ಗಾಜಿನ ಬಾಟ್ಲ್ಯಾಗ ಮಾಡಿ ತೋರಿಸತಾರ, ಅದನ್ನ ಕಾಗದದಾಗ ಬರೀತಾರ, ಕಾಗದ ಕಪಾಟಿನ್ಯಾಗ ಇಡತಾರ. ರೈತಗ ಅದರ ಖಬರ್ ಇಲ್ಲ. "ಅಕ್ಕಾ, ಬಾಟ್ಲ್ಯಾಗ ಬದುಕಿದ್ದು ಹೊಲದಾಗ ಬದುಕಬೇಕು. ಇಲ್ಲಂದ್ರ ನಾ ಮಾಡಿದ್ದು ಏನೂ ಅಲ್ಲ," ಅಂತಿದ್ದ. ಈ ಮಾತು ಎಷ್ಟು ಸಲ ಅಂದಾನೋ. ಉಣ್ಣೋವಾಗನೂ ಅಂತಿದ್ದ.

ಮದಲ ಅವ ಮಾಡಿದ್ದು ಹುಳದ ಕಂಪನಿ ಅಲ್ಲ. ನಾಯಿಛತ್ರಿ ಕಂಪನಿ. ಅಣಬಿ ಅಂತಾರಲ್ಲ, ಅದು. ಜ್ವಾಳದ ಕಣಕಿ ಕತ್ತರಿಸಿ, ಬಿಸಿನೀರಾಗ ನೆನಸಿ, ಚೀಲದಾಗ ತುಂಬಿ, ಯುನಿವರ್ಸಿಟಿಯಿಂದ ತಂದ ಬೀಜ ಹಾಕಿ ಬಸವಕಲ್ಯಾಣದ ಮನಿ ಹಿತ್ತಲ ಖೋಲಿಯಾಗ ತೂಗ ಹಾಕಿದ. ದೀಪಾವಳಿ ಸೂಟಿಗೆ ಬಂದಾವ ಇಷ್ಟು ಮಾಡಿದ. ಬೆಳದವು, ಇಲ್ಲ ಅನ್ನಂಗಿಲ್ಲ. ಬೆಳ್ಳಗ, ಆನಿ ಕಿವಿಯಂಗ, ಚೀಲದ ತೂತು ತೂತಿನಾಗ ಹೊರಗ ಬಂದವು. ಅವ್ವ ಆ ಖೋಲಿ ಬಾಗಲ ದಾಟಲಿಲ್ಲ. "ಡಾಕ್ಟರ್ ತಿಪ್ಪಿಮ್ಯಾಲಿನ ನಾಯಿಛತ್ರಿ ಮನ್ಯಾಗ ಬೆಳಸ್ಯಾನ," ಅಂತ ಓಣಿ ಮಂದಿ ನೋಡಾಕ ಬಂದ್ರು. ನೋಡಿದ್ರು, ಮೂಗು ಮುಚ್ಚಕೊಂಡ್ರು, ಹೋದ್ರು. ತಮ್ಮ ಉಳ್ಳಾಗಡ್ಡಿ ಹಾಕಿ ಹುರದು ತಾನೊಬ್ಬನ ತಿಂದ. ನಾನೂ ತಿಂದೆ. ಕೆಟ್ಟೇನು ಇರಲಿಲ್ಲ.

ಬುಟ್ಟಿ ತುಂಬಿಕೊಂಡು ಹುಮನಾಬಾದಿಗೆ, ದೊಡ್ಡ ರಸ್ತಾದ ಮ್ಯಾಲಿನ ಹೋಟೆಲಿಗೆ ಹೋದ. ಹೋಟೆಲ್ ಮಾಲೀಕ ಒಂದು ತುಣುಕು ತಿಂದು ಗೋಣು ಹಾಕಿ, "ರುಚಿ ಅದ ಸಾಬ್. ಆದ್ರ ಗಿರಾಕಿಗೆ ಏನಂತ ಹೇಳಿ ಕೊಡಲಿ? ಮಟನ್ ಅಂದ್ರ ಅಲ್ಲ. ಕಾಯಿಪಲ್ಯ ಅಂದ್ರ ಅದೂ ಅಲ್ಲ. ಹೆಸರಿಲ್ಲದ್ದು ಯಾವಾವ ತಿಂತಾನ?" ಅಂದ.

ತಮ್ಮ ತಿರುಗಿ ಬಂದು ಬುಟ್ಟಿ ತಿಪ್ಪಿಗೆ ಸುರುವಿದ. ಆ ಮಾತು ಆವತ್ತ ತಲಿಗೆ ಹೋಗಿದ್ರ ಛಲೋ ಇತ್ತು. ಹೋಗಲಿಲ್ಲ.

ಒಂದೆರಡು ವರ್ಷ ಸುಮ್ಮನಿದ್ದು ಮತ್ತ ಎದ್ದ. ಈ ಸಲ ತೊಗರಿ ಗಂಟಿನ ಹುಳ. ಯುನಿವರ್ಸಿಟಿ ದೊಡ್ಡ ಸಾಹೇಬ್ರು ಎರಡು ಮಳಿಗಾಲದ ರಜಾ ಕೊಟ್ರಂತ. ಎರಡು ಬಿತ್ತಗಿ ನೋಡು, ಕಂಪನಿ ನಿಂತ್ರ ನಿನ್ನದು, ನಿಲ್ಲಲಿಲ್ಲಂದ್ರ ಬಂದು ಪಾಠ ಹೇಳು, ಮತ್ತ ರಜಾ ಕೇಳಬ್ಯಾಡ ಅಂದ್ರಂತ. ಹೆಂಡತಿ ಮಕ್ಕಳನ್ನ ಅಲ್ಲೇ ಬಿಟ್ಟು ಬಂದ. ನಾನು ಅವ್ವನ್ನ ಚಿಕ್ಕವ್ವನ ಕಡೆ ಬಿಟ್ಟು ಹುಮನಾಬಾದಿಗೆ ಹೊಂಟೆ.

ಊರ ಹೊರಗ ಕಾರಖಾನಿಗಳಿಗೆ ಅಂತ ಜಾಗಾ ಮಾಡಿದ್ರು. ಅಲ್ಲೊಂದು ಸಣ್ಣ ಶೆಡ್ಡು ಬಾಡಗಿಗೆ ಹಿಡದ. ಬಾಜೂಕ ಔಷಧ ಕಾರಖಾನಿ ಕಟ್ಟಾಕತ್ತಿದ್ರು, ಗಾಳಿ ಈ ಕಡೆ ತಿರುಗಿದ್ರ ಕಣ್ಣು ಉರೀತಿದ್ದವು. ನಮ್ಮ ಶೆಡ್ಡಿನಾಗ ಒಂದು ದೊಡ್ಡ ಕುಕ್ಕರ್, ಒಂದು ಫ್ರಿಜ್, ಗಾಜಿನ ಬಾಟ್ಲಿ, ಪಾಕೀಟಿನ ಬಾಯಿ ಸುಟ್ಟು ಅಂಟಿಸೋ ಒಂದು ಮಷೀನ. ಒಳಗೊಂದು ಸಣ್ಣ ಖೋಲಿ. ಅದರೊಳಗ ಹೋಗಬೇಕಂದ್ರ ಕೈಗೆ ಸ್ಪಿರಿಟ್ ಹಚ್ಚಿ, ಬಾಯಿಗೆ ಅರಿವಿ ಕಟ್ಟಿ, ಮಾತಾಡದಂಗ ಹೋಗಬೇಕು. ಮಡಿ ಮಾಡೋ ಮಂದೀನ ನಾ ನೋಡೇನಿ, ಅವರೂ ಇವನಷ್ಟು ಮಾಡಂಗಿಲ್ಲ.

"ಏನೋ ಇದು, ಹುಳಕ್ಕ ಇಷ್ಟು ಮಡಿ?" ಅಂದೆ.

"ಬ್ಯಾರೆ ಹುಳ ಬಂದು ಸೇರಬಾರದಕ್ಕಾ. ಒಂದು ಸೇರಿದ್ರ ನಮ್ಮವನ್ನ ತಿಂದು ಹಾಕತಾವ. ಇವು ಭಾಳ ನಾಜೂಕ ಅವ."

ಬಾಟ್ಲ್ಯಾಗ ಕುದಿಸಿದ ನೀರು, ಸಕ್ಕರಿ, ಏನೇನೋ ಹಾಕಿ ಹುಳ ಬಿಡತಿದ್ದ. ದಿನಾ ಕಳದಂಗ ನೀರು ಗಂಜಿಯಂಗ ಮಬ್ಬು ಆಗತಿತ್ತು. ಮಬ್ಬಾತಂದ್ರ ಹುಳ ಹೆಚ್ಚಾದವು ಅಂತ ಲೆಕ್ಕ. ಅದನ್ನ ನುಣ್ಣನ ಕರಿ ಪುಡಿಗೆ ಕಲಸತಿದ್ದ. ನಾನು ಪಾಕೀಟಿನಾಗ ತುಂಬಿ ಬಾಯಿ ಅಂಟಸತಿದ್ದೆ. ಕೈಯೆಲ್ಲಾ ಕರ್ರಗ. ಹೊರಗಿನಿಂದ ನೋಡಿದ್ರ ಹಲ್ಲುಪುಡಿ ಕಾರಖಾನಿ ಅನ್ನಬೇಕು.

ಪಾಕೀಟು ತಂಪಿನಾಗ ಇರಬೇಕು. ಬಿತ್ತೋ ಮುಂದ ಬೀಜಕ್ಕ ಬೆಲ್ಲದ ನೀರು ಸವರಿ, ಈ ಪುಡಿ ಹಚ್ಚಿ, ನೆರಳಾಗ ಆರಿಸಿ, ಅವತ್ತ ಬಿತ್ತಬೇಕು. ಬಿಸಲು ಬಿದ್ರ ಸಾಯತಾವ. ಇಷ್ಟ ಕೆಲಸ. ಹೇಳಾಕ ಇಷ್ಟ.

ಮಾಲು ಮಾರಾಕ ಹುಮನಾಬಾದ ಅಡತಿ ಬಜಾರದ ಒಬ್ಬ ಸಾವಕಾರನ್ನ ಹಿಡದ. ತೊಗರಿ, ಉದ್ದು, ಹೆಸರು ಎಲ್ಲಾ ಅವನ ದುಕಾನಿಗೆ ಬಂದು ಬೀಳತಿತ್ತು. ಬೀಜ, ಗೊಬ್ಬರ, ಹೊಡಿಯೋ ದವಾ ಅಲ್ಲಿಂದನ ಹೋಗತಿತ್ತು. ಸಾವಕಾರ ಒಳ್ಳೆ ಮನಿಶಾ. ಹೊಟ್ಟಿ ದೊಡ್ಡದು, ನಗು ದೊಡ್ಡದು. "ಕುಂದರ್ರಿ ಡಾಕ್ಟರ್ರ, ನಿಮ್ಮ ಮಾಲಿನ ಬಗ್ಗೆ ನೀವ ಹೇಳ್ರಿ," ಅಂತ ಸಂತಿ ದಿನ ತನ್ನ ಗಾದಿ ಮ್ಯಾಲ ಕುಂದ್ರಿಸಿದ. ನಾನು ಪಾಕೀಟಿನ ಪೆಟಗಿ ಹಿಡಕೊಂಡು ಬಾಜೂಕ ಕುಂತೆ.

ತಮ್ಮ ಪಾಕೀಟು ಎತ್ತಿ ಹಿಡದು, ಪಾಠ ಹೇಳಿದಂಗ ಹೇಳಿದ. "ಇದರೊಳಗ ಜೀವಂತ ಹುಳ ಅವ. ಕಣ್ಣಿಗೆ ಕಾಣಂಗಿಲ್ಲ. ನಿಮ್ಮ ತೊಗರಿ ಬೇರಿನಾಗ ಹೋಗಿ ಮನಿ ಮಾಡತಾವ."

ರೈತರು ಒಬ್ಬರ ಮುಖ ಒಬ್ಬರು ನೋಡಿದ್ರು. ಕೊಡಂಬಲದಿಂದ ಬಂದ ಒಬ್ಬ ಮುದುಕ, ಎಲ್ಲಾರೂ ಕಾಕಾ ಅಂತಿದ್ರು, ರುಮಾಲು ಸರಿ ಮಾಡಿಕೊಂಡು ಅಂದ: "ಡಾಕ್ಟರ್ ಸಾಬ್, ನಮ್ಮ ತೊಗರ್ಯಾಗ ಹುಳ ಪುಕ್ಕಟ ಅವ. ಬೇಕಂದ್ರ ನಾನ ನಿಮಗ ಮಾರತೀನಿ."

ದುಕಾನ ತುಂಬ ನಗು.

"ಅವು ಕಾಯಿ ಕೊರಿಯೋ ಹುಳ, ಕಾಕಾ. ಇವು ಬ್ಯಾರೆ. ಇವಕ್ಕ ಬೆಲ್ಲದ ನೀರು..."

"ಬೆಲ್ಲಾ ಬ್ಯಾರೆ ತಿನ್ನಸಬೇಕಾ? ಚಹಾ ಬ್ಯಾಡೇನ್ರಿ ಅವಕ್ಕ?"

"ಕಾಣಂಗಿಲ್ಲ ಅಂತಾನ, ಮತ್ತ ಅವ ಅಂತಾನ," ಅಂತ ಇನ್ನೊಬ್ಬ ಅಂದ. "ಹುಳಾ ಕೊಲ್ಲಾಕ ರೊಕ್ಕಾ ಹಾಕಿ ಸಾಕಾಗೇದ. ಇನ್ನ ಹುಳಾ ತರಾಕೂ ಹಾಕಬೇಕೇನು?"

ಆ ಮಂದಿ ತಪ್ಪಂತ ಹ್ಯಾಂಗ ಅನ್ನಲಿ? ತೊಗರಿ ಕಾಯಿಗೆ ಹುಳ ಬಿದ್ದ ವರ್ಷ ಹೊಲಕ್ಕ ಹೋಗಿ ನೋಡ್ರಿ, ಬರೇ ಸಿಪ್ಪಿ ಇರತದ. ಹುಳ ಅನ್ನೋ ಮಾತು ಅವರ ಮನ್ಯಾಗ ಬೈಗುಳ. ತಮ್ಮ ಅದನ್ನ ಕೈಯಾಗ ಹಿಡಕೊಂಡು ತಗೋರಿ ಅಂತಿದ್ದ. ಬ್ಯಾರೆ ಮಾತು ಅವನ ಕಡೆ ಇರಲಿಲ್ಲ. ಯುನಿವರ್ಸಿಟ್ಯಾಗ ಅದಕ್ಕ ಒಂದು ಇಂಗ್ಲೀಷ್ ಹೆಸರಿತ್ತು. ಅದನ್ನ ಹೇಳಿದ್ರ ಇನ್ನೂ ನಗತಿದ್ರು.

ಆ ಮಿರಗದ ಮಳಿ ಬಿತ್ತಗ್ಯಾಗ ಒಂದು ಪಾಕೀಟೂ ಹೋಗಲಿಲ್ಲ. ರಾಜೇಶ್ವರ ಊರಿನ ದುಕಾನಿನ್ಯಾಗ ಇಟ್ಟದ್ದೂ ಹೋಗಲಿಲ್ಲ. ಮಳಿಗಾಲ ಮುಗಿದ ಮ್ಯಾಲ ಪೆಟಗಿ ಪೆಟಗಿ ಮಾಲು ಶೆಡ್ಡಿನ ಹಿಂದ ಸುರುವಿದ್ವಿ. ಅಲ್ಲಿ ಕಸ ಭಾಳ ಹುಲಸಾಗಿ ಬೆಳೀತು.

ಮುಂದಿನ ಬ್ಯಾಸಗ್ಯಾಗ ಸಾವಕಾರ ತಾನ ಶೆಡ್ಡಿಗೆ ಬಂದ. ಖುರ್ಚಿ ಮ್ಯಾಲ ಕುಂತು ಟಾವೆಲಿನಿಂದ ಗಾಳಿ ಹಾಕಕೋತ ಅಂದ: "ಡಾಕ್ಟರ್ರ, ಒಂದು ಮಾತು ಕೇಳತೀನಿ. ಡಾಕ್ಟರ್ ಅನ್ನಾವ ಮಂದಿಗೆ ಕೊಡೋದು ಏನು?"

"ದವಾ," ಅಂದ ತಮ್ಮ.

"ಹಾಂ. ಅಷ್ಟ ಅನ್ರಿ. ಹುಳ ಅನಬ್ಯಾಡ್ರಿ. ತೊಗರಿ ದವಾ."

"ದವಾ ಅಂದ್ರ ಕೊಲ್ಲೋದು, ಸಾವಕಾರ. ಇದು ಬದುಕಬೇಕಾದದ್ದು."

"ಬದುಕ್ಲಿ. ನಾ ಎಲ್ಲಿ ಸಾಯಿ ಅಂದೆ? ಒಳಗ ಬದುಕ್ಲಿ, ಮ್ಯಾಲ ದವಾ ಅಂತ ಇರಲಿ."

ನಮ್ಮ ಕಡೆ ದವಾ ಅನ್ನೋದು ಭಾಳ ದೊಡ್ಡ ಮಾತು. ಜ್ವರಾ ಬಂದಾವ ಕುಡಿಯೋದೂ ದವಾ, ಹತ್ತಿಗೆ ಹೊಡಿಯೋದೂ ದವಾ, ಬಾಳ್ವಿ ಬ್ಯಾಡಾದಾಕಿ ಕುಡಿಯೋದೂ ದವಾ. ತಮ್ಮಗ ಇದು ಗೊತ್ತಿರಲಿಲ್ಲ ಅಂತಲ್ಲ. ಇದೇ ಮಣ್ಣಿನಾಗ ಹುಟ್ಯಾನ. ಆದ್ರ ಒಂದೇ ಬಿತ್ತಗಿ ಉಳದಿತ್ತು. ಕಡೀಕ ಒಂದು ಮಾತು ಕೂಡಿಸ್ರಿ ಅಂದ. ಜಿಂದಾ ಅಂತ ಬರೀರಿ. ಜಿಂದಾ ದವಾ. ಆಗ ಮಂದಿಗೆ ಅದು ಜೀವಂತ ಅಂತ ತಿಳೀತದ. ಸಾವಕಾರ, "ಜಿಂದಾ ದವಾ! ಇದು ಓಡತದ," ಅಂತ ತೊಡಿ ಬಡದ. ಪಾಕೀಟಿನ ಮ್ಯಾಲ ತೊಗರಿ ಗಿಡದ ಚಿತ್ರ, ಅದರ ಕೆಳಗ ಜಿಂದಾ ದವಾ ಅಂತ ದಪ್ಪ ಅಕ್ಷರ, ಇನ್ನ ಕೆಳಗ ನೆರಳಾಗ ಇಡ್ರಿ, ಬ್ಯಾರೆ ದವಾದ ಕೂಡ ಕಲಸಬ್ಯಾಡ್ರಿ ಅಂತ ಸಣ್ಣ ಅಕ್ಷರ ಹಾಕಿಸಿದ್ರು. ದಪ್ಪ ಅಕ್ಷರ ನನಗೂ ಓದಾಕ ಬಂತು.

ಓಡಿತು. ಮಿರಗಾ ಕೂಡೋಕಿಂತ ಮದಲ ಪೆಟಗಿ ಖಾಲಿ. ಸಾವಕಾರನ ಆಳು ದಿನಾ ಬಂದು, "ಅಕ್ಕವ್ರ, ಇನ್ನ ಕೊಡ್ರಿ, ಗಿರಾಕಿ ನಿಂತಾರ," ಅನ್ನಾವ. ನಾನು ಮಷೀನ ಬಿಟ್ಟು ಏಳಲಿಲ್ಲ. ಅಡಗಿ ಬಂದ್ ಆತು, ಹೋಟೆಲಿನಿಂದ ತರಿಸಿ ತಿಂತಿದ್ವಿ. ಒಂದು ದಿನ ತಮ್ಮ ಪಾಕೀಟು ತುಂಬಕೋತ ಸೀಟಿ ಹೊಡದ. ಸಣ್ಣಾವಿದ್ದಾಗ ಹೊಡೀತಿದ್ದ, ಅಪ್ಪ ಬೈದ ಮ್ಯಾಲ ಬಿಟ್ಟಿದ್ದ.

ರಾಜೇಶ್ವರದ ದುಕಾನದಾವ ಇನ್ನ ಮಾಲು ಬೇಕು ಅಂತ ಹೇಳಿ ಕಳಿಸಿದ. ನಾವಿಬ್ಬರೂ ಪೆಟಗಿ ಬಸ್ಸಿನಾಗ ಹಾಕ್ಕೊಂಡು ಹೋದ್ವಿ. ಬಿಸಲು ನೆತ್ತಿ ಮ್ಯಾಲ ಇತ್ತು. ದುಕಾನಿಗೆ ತಗಡಿನ ಮಾಡು. ತಮ್ಮ ಹೋದಾವನ, "ಮದಲಿನ ಮಾಲು ಎಲ್ಲಿ ಇಟ್ಟೀರಿ?" ಅಂತ ಕೇಳಿದ.

ದುಕಾನದಾವ ಮ್ಯಾಲ ಬೆರಳು ಮಾಡಿದ. ತಗಡಿಗೆ ಅಂಟಿ ಒಂದು ಹಲಗಿ. ಹಲಗಿ ಮ್ಯಾಲ ಹತ್ತಿಗೆ ಹೊಡಿಯೋ ವಿಷದ ಡಬ್ಬಿ. ಅವುಗಳ ನಡುವ ನಮ್ಮ ಪಾಕೀಟು ಸಾಲಾಗಿ.

"ಅಲ್ಲಿ ಯಾಕ ಇಟ್ಟೀರಿ?"

"ಮಕ್ಕಳ ಕೈಗೆ ಸಿಗಬಾರದಲ್ರಿ. ಸಾದಾ ದವಾ ಕೆಳಗ ಇಟ್ರ ನಡೀತದ. ಇದು ಜಿಂದಾ ದವಾ. ಕಡಕ್ ಇರತದ."

ತಮ್ಮ ಸ್ಟೂಲ್ ಹಾಕ್ಕೊಂಡು ಏರಿ ಒಂದು ಪಾಕೀಟು ಮುಟ್ಟಿ ನೋಡಿ ನನ್ನ ಕೈಗೆ ಕೊಟ್ಟ. ಹಂಚಿನ ಮ್ಯಾಲಿಂದ ಈಗ ತಗದ ರೊಟ್ಟಿಯಂಗ ಸುಡಾಕತ್ತಿತ್ತು. ಅವ ದುಕಾನದಾವಗ ಬೈಲಿಲ್ಲ. ಯಾತಕ್ಕ ಬೈಬೇಕು? ಮಕ್ಕಳ ಸಲುವಾಗಿ ಇಟ್ಟಿದ್ದ ಅವ.

"ಇದು ಜೀವಂತ ಇರತದ್ರಿ. ತಂಪಿನಾಗ ಇಡಬೇಕು."

"ಆಗಲಿ ಡಾಕ್ಟರ್ ಸಾಬ್, ಇಡತೀನಿ," ಅಂದು ಅವ ನಮ್ಮ ಹೊಸಾ ಪೆಟಗೀನೂ ಆಳಿನ ಕೈಲೆ ಮ್ಯಾಲ ಏರಿಸಿದ. "ತಂಪು ಆದ ಮ್ಯಾಲ ಇಳಸತೀವಿ."

ಅಲ್ಲಿಂದ ಕೊಡಂಬಲಕ್ಕ ಹೋಗೋಣ ಅಂದ. ಮದಲ ನಗಿಸಿದ್ದ ಕಾಕಾನ ಈ ಸಲ ಎಲ್ಲಾರಕಿಂತ ಹೆಚ್ಚು ಪಾಕೀಟು ಒಯ್ದಿದ್ದ, ಅವನ ಮನ್ಯಾಗರ ನೋಡೋಣ ಅಂತ. ಎರಡು ಬಸ್ ಬದಲಿ ಮಾಡಿ ಮುಟ್ಟಿದ್ವಿ. ಕಾಕಾ ಅಂಗಳದಾಗ ಬೀಜಾ ಕಲಸಾಕತ್ತಿದ್ದ. ಬಾಯಿಗೆ ಅರಿವಿ ಕಟ್ಟಿದ್ದ, ಕೈಯಾಗ ಕಟ್ಟಿಗಿ ಬಡಗಿ. ಅವನ ಹೆಂಡತಿ ಕೋಳಿ ಎಲ್ಲಾ ಹೊಡದು ಓಣಿಗೆ ಅಟ್ಟಿದ್ದಳು. ಬೀಜಾ ಕೆಂಪಗ ಇತ್ತು, ಬೀಜಕ್ಕ ಬೂಷ್ಟು ಹಿಡಿಬಾರದಂತ ಹಚ್ಚೋ ವಿಷದ ಪುಡಿ ಅದು. ಅದರ ಮ್ಯಾಲ ನಮ್ಮ ಕರಿ ಪುಡಿ ಸುರುವಿ ಬಡಗಿಲೆ ತಿರುವಿ, ಬರೋಬರ್ ಬಿಸಲಿನಾಗ ತಾಡಪತ್ರಿ ಮ್ಯಾಲ ಹರವಿದ್ದ.

"ಬರ್ರಿ ಡಾಕ್ಟರ್ ಸಾಬ್. ದೂರ ನಿಂದರ್ರಿ, ದವಾ ಹಾರತದ."

"ಕಾಕಾ, ಎರಡೂ ಯಾಕ ಕೂಡಿಸಿದಿ?"

"ಒಂದು ದವಾದ ಗುಣಾ ಇಷ್ಟು ಹತ್ತತದಂದ್ರ ಎರಡು ಕೂಡಿಸಿದ್ರ ದುಪ್ಪಟ್ಟು ಹತ್ತಬೇಕಲ್ಲ."

"ಕೆಂಪಂದು ಕರಿಯಂದನ್ನ ಕೊಲ್ಲತದ."

ಕಾಕಾ ಅರಿವಿ ಬಿಚ್ಚಿ ನಕ್ಕ. "ಕೊಲ್ಲಬೇಕಲ್ರಿ ಸಾಬ್, ದವಾ. ಕೊಲ್ಲಲಿಲ್ಲಂದ್ರ ದವಾ ಹ್ಯಾಂಗ?"

ತಮ್ಮ ಅಲ್ಲೇ ಕಟ್ಟಿ ಮ್ಯಾಲ ಕುಂತ. ಬಾಯಿಗೆ ಅರಿವಿ ಕಟ್ಟಿದ ಮುದುಕನ್ನ ನೋಡಿದೆ, ನಮ್ಮ ಖೋಲಿಯಾಗ ಬಾಯಿಗೆ ಅರಿವಿ ಕಟ್ಟಿ ಕುಂದ್ರೋ ತಮ್ಮನ್ನ ನೋಡಿದೆ. ಇವ ಹುಳಕ್ಕ ಏನೂ ಆಗಬಾರದಂತ ಕಟ್ಟತಿದ್ದ, ಅವ ತನಗ ಏನೂ ಆಗಬಾರದಂತ ಕಟ್ಟಿದ್ದ. ಕಾಕಾನ ಹೆಂಡತಿ ಚಹಾ ತಂದಳು. ಕುಡದು ಬಂದ್ವಿ.

ರಾಜೇಶ್ವರದಿಂದ ತಂದ ಸುಡೋ ಪಾಕೀಟನ್ನ ಶೆಡ್ಡಿನಾಗ ಒಡದು, ಚಿಟಿಕಿ ಪುಡಿ ನೀರಾಗ ಕಲಸಿ ಗಾಜಿನ ಬಟ್ಟಲದಾಗ ಸವರಿ ಇಟ್ಟ. ಹುಳ ಜೀವಂತ ಇದ್ರ ಕೆಲವು ದಿನಕ್ಕ ಗಂಜಿ ಹನಿಯಂಥ ಬೆಳ್ಳನ ಚುಕ್ಕಿ ಏಳತಾವ. ದಿನಾ ಮುಂಜಾನೆ ಎದ್ದು ನೋಡತಿದ್ದ. ನಾನೂ ನೋಡತಿದ್ದೆ. ಬಟ್ಟಲ ತೊಳದಿಟ್ಟಂಗ ಇತ್ತು.

ಅಷ್ಟರಾಗ ಮಾಲೆಲ್ಲಾ ಹೋಗಿತ್ತು, ಬಿತ್ತಗಿನೂ ಆಗಿತ್ತು. ಯಾವ ಹಳ್ಳಿ, ಯಾವ ಹಲಗಿ, ಯಾವ ತಗಡು, ಎಲ್ಲಿ ಅಂತ ಹೋಗಿ ಇಳಸತಿ?

ಆ ವರ್ಷ ಮಳಿ ಬೇಕಾದಂಗ ಬಂತು. ತೊಗರಿ ಎದಿಮಟ ಬೆಳದು ನಿಂತಿತು. ಕಾಕಾ ತಾನ ಶೆಡ್ಡಿಗೆ ಬಂದು, "ನಡೀರಿ ಸಾಬ್, ನಿಮ್ಮ ದವಾ ನೋಡ ನಡೀರಿ," ಅಂತ ಕರಕೊಂಡು ಹೋದ. ಕೆಸರಾಗ ಕಾಲು ಹುಗೀತಿದ್ದವು. ಹೊಲದಾಗ ಒಂದು ಗಿಡ ಕಿತ್ತು ಬೇರು ಝಾಡಿಸಿ ತಮ್ಮನ ಮುಂದ ಹಿಡದ. ಗಂಟು ಇದ್ದವು. ಕಾಕಾನ ಮುಖ ಅರಳಿತ್ತು.

"ನೀವು ಅಂದ್ರಿ, ಬೇರಿಗೆ ಗಂಟು ಆಗತಾವ ಅಂತ. ನೋಡ್ರಿ. ಹತ್ತೇದ."

ತಮ್ಮ ಒಂದು ಗಂಟು ಉಗುರಿಲೆ ಒಡದು ನೋಡಿದ. ಬದು ದಾಟಿ ಬಾಜೂದವನ ಹೊಲಕ್ಕ ಹೋದ. ಆ ರೈತ ನಮ್ಮ ಪಾಕೀಟು ಕಣ್ಣಿಂದ ಸುದ್ದಾ ನೋಡಿರಲಿಲ್ಲ. ಅಲ್ಲೊಂದು ಗಿಡ ಕಿತ್ತ. ಗಂಟು ಇದ್ದವು. ಅಷ್ಟ ಇದ್ದವು, ಹಂಗ ಇದ್ದವು. ಮಣ್ಣಿನಾಗ ಮದಲಿಂದ ಇರೋ ಹುಳ ತಾವ ಬಂದು ಮಾಡಿದ ಗಂಟು ಅವು. ಅಪ್ಪ ಅಂದಿದ್ದನಲ್ಲ, ಆಗತದ ಅಂತ. ಅದೇ.

"ಕಾಕಾ, ಇಲ್ಲೂ ಆಗ್ಯಾವ. ಇವ ದವಾ ಹಾಕಿಲ್ಲ."

ಕಾಕಾ ಎರಡೂ ಬೇರು ನೋಡಿದ. "ನಮ್ಮ ದವಾದ ಗಾಳಿ ಹೋಗೇದ," ಅಂದ. "ಬದು ಬಾಜೂಕ ಅದಾನಲ್ಲ. ಪುಕ್ಕಟ ಹೊಡಕೊಂಡಾನ ಮಗ."

ನಾ ನಕ್ಕೆ. ನಗಬಾರದಿತ್ತೋ ಏನೋ. ತಮ್ಮ ಎರಡೂ ಗಿಡ ಕೈಯಾಗ ಹಿಡಕೊಂಡು ಬದುವಿನ ಮ್ಯಾಲ ನಿಂತಿದ್ದ, ಕೆಸರಾಗ ಒಂದು ಚಪ್ಪಲಿ ಬಿಟ್ಟು ಬಂದದ್ದೂ ಗೊತ್ತಿರಲಿಲ್ಲ.

ದೀಪಾವಳಿ ಮುಂದ ಸಾವಕಾರ ಪೇಢೆ ಡಬ್ಬಿ ತಗೊಂಡು ಬಂದ. ಬರೋ ವರ್ಷ ಇಂಥವು ಎರಡು ಶೆಡ್ಡು ಮಾಡೋಣ, ಉದ್ದಿಗೊಂದು ಜಿಂದಾ ದವಾ, ಹೆಸರಿಗೊಂದು ಜಿಂದಾ ದವಾ, ರಜಾದ ಮಾತು ಬಿಡ್ರಿ, ನೌಕರಿನ ಬಿಡ್ರಿ ಅಂದ. ತಮ್ಮ ಪೇಢೆ ಮುಟ್ಟಲಿಲ್ಲ.

"ಸಾವಕಾರ, ನಾವು ಮಾರಿದ್ದು ಸತ್ತದ್ದು. ಬಿಸಲಿಗೆ ಸತ್ತದ, ವಿಷಕ್ಕ ಸತ್ತದ. ತೊಗರಿ ಬೆಳದದ್ದು ಮಳಿಗೆ."

"ಆಗಲಿ. ರೈತ ಖುಷಿ ಅದಾನಿಲ್ಲೋ?"

"ಅದಾನ."

"ನಾ ಖುಷಿ ಅದೀನಿ. ಯಾರ ಎತ್ತೂ ಸತ್ತಿಲ್ಲ, ಯಾರ ಬೆಳಿನೂ ಸುಟ್ಟಿಲ್ಲ. ನಿಮಗ ಏನು ಹೊಟ್ಟಿನೋವು, ಡಾಕ್ಟರ್ರ?"

"ಬರೋ ವರ್ಷ ಮ್ಯಾಲ ಹುಳ ಅಂತ ಬರಸತೀನಿ."

ಸಾವಕಾರ ಇದು ಚ್ಯಾಷ್ಟಿ ಅಂತ ತಿಳದು ನಕ್ಕ. ಅಲ್ಲಂತ ತಿಳದ ಮ್ಯಾಲ ಮೆಲ್ಲಕ ಅಂದ: "ಹುಳ ಅಂತ ಬರಸಿದ್ರ ನನ್ನ ದುಕಾನಿಗೆ ತರಬ್ಯಾಡ್ರಿ. ಸಿಟ್ಟಿಲೆ ಅನ್ನಲ್ಲ. ಮಾರಾಕ ಆಗಂಗಿಲ್ಲ, ಅದಕ್ಕ ಅನ್ನಾಕತ್ತೇನಿ."

ತಮ್ಮ ಆದ್ರೂ ರಜಾ ಮುಗಿಯೋಕಿಂತ ಮದಲ ಒಂದಿಷ್ಟು ಹೊಸಾ ಪಾಕೀಟು ಕಟ್ಟಿ, ಒಂದು ಸಂತಿ ದಿನ ಸಾವಕಾರನ ದುಕಾನಿನ ಮುಂದ ನಿಂತು ರೈತರಿಗೆ ತಾನ ಹೇಳಿ ನೋಡಿದ. ಇದು ದವಾ ಅಲ್ಲ, ಹೋದ ಬಿತ್ತಗಿಗೆ ಒಯ್ದದ್ದು ಸತ್ತಿತ್ತು, ತಂಪಿನಾಗ ಇಟ್ಟು ನಾ ಹೇಳಿದಂಗ ಹಚ್ಚಿದ್ರ ಅಷ್ಟ ಒಯ್ಯಿರಿ ಅಂದ. ಒಬ್ಬ ರೈತ ಇನ್ನೊಬ್ಬನ ಕಿವ್ಯಾಗ ಅಂದದ್ದು ನನಗ ಕೇಳಿಸಿತು: "ಈ ಸಲ ಮಾಲು ಕಡಿಮಿ ಬಂದಂಗ ಕಾಣಸತದ. ದೊಡ್ಡ ಹೊಲದವರಿಗೆ ಇಡಾಕ ನಮ್ಮನ್ನ ಓಡಸಾಕತ್ತಾರ." ಸುಳ್ಳು ಅಂದ್ರ ನಂಬಿದ್ರು, ಖರೇ ಅಂದ್ರ ಅನುಮಾನ ಪಟ್ರು. ಅವ ಬಾಯಿ ಒಣಗಿ ಮನಿಗೆ ಬಂದ.

ಊಟಕ್ಕ ಕುಂತಾಗ ನಾನ ಅಂದೆ. "ಮಾರೋ. ಯಾರಿಗೆ ಕೆಡಕು ಆಗೇದ? ಕಂಪನಿ ನಿಲ್ಲತದ."

"ಅಕ್ಕಾ, ಸತ್ತದ್ದು ಮಾರಬೇಕಂದ್ರ ನಾ ಅಷ್ಟು ವರ್ಷ ಯಾಕ ಓದಬೇಕಿತ್ತು? ಒಲಿ ಮಸಿ ಕೆರದು ಪಾಕೀಟು ಕಟ್ಟಿದ್ರ ಸಾಕಿತ್ತು."

"ಮತ್ತ ಜಿಂದಾ ಇರೋದು ಮಾರು."

"ಜಿಂದಾ ಇರೋದು ಒಯ್ಯಂಗಿಲ್ಲ."

ಇನ್ನೊಂದು ರೊಟ್ಟಿ ಹಾಕಿದೆ. ಅವ ಅದನ್ನ ಮುರದ, ತಿನ್ನಲಿಲ್ಲ.

ರಜಾ ಮುಗೀತು. ಫ್ರಿಜ್, ಕುಕ್ಕರ್, ಬಾಟ್ಲಿ ಟೆಂಪೋದಾಗ ಏರಿಸಿಕೊಂಡು ಯುನಿವರ್ಸಿಟಿಗೆ ತಿರುಗಿ ಹೋದ. ಪಾಕೀಟಿನ ಮಷೀನ ನನಗ ಬಿಟ್ಟ. ನಾನು ಬಸವಕಲ್ಯಾಣಕ್ಕ ಹೋಗಲಿಲ್ಲ. ಹುಮನಾಬಾದಾಗ ಬಾಡಗಿ ಖೋಲಿ ಹಿಡದು ಖಾರದ ಪುಡಿ ಕುಟ್ಟಿಸಿ ಪಾಕೀಟು ಕಟ್ಟಿ ಮಾರಿದೆ. ಖಾರಕ್ಕ ಖಾರ ಅಂದ್ರ ಸಾಕು, ಮಂದಿ ಒಯ್ಯತಾರ.

ತಮ್ಮ ಮುಂದ ಹೊರಗ ಬರಲಿಲ್ಲ. ಮತ್ತ ರಜಾ ಕೇಳಬ್ಯಾಡ ಅಂದಿದ್ರು, ಕೇಳಲಿಲ್ಲ. ಆದ್ರ ಅವನ ಕಡೆ ಕಲಿತವರು ಒಬ್ಬೊಬ್ಬರ ಹೊರಗ ಹೋಗಿ ಕಂಪನಿ ಹಾಕಿದ್ರಂತ. ಅವ ಕುಂತಲ್ಲೇ ಅವರಿಗೆ ಹೇಳಿಕೊಡತಿದ್ದ. ಒಬ್ಬ ಹುಳದ ಪಾಕೀಟನ್ನ ಬರ್ಫದ ಪೆಟಗ್ಯಾಗ ಇಟ್ಟು ಊರೂರಿಗೆ ಕಳಸತಾನಂತ, ನಡೆಯಾಕತ್ತದಂತ. ಯಾರಾದ್ರೂ ಹೊಸದಾಗಿ, ಸರ್, ನಾನೊಂದು ಮಾಡೇನಿ, ಕಂಪನಿ ಹಾಕಬೇಕು ಅಂತ ಬಂದ್ರ ಬಾಟ್ಲಿ ನೋಡಂಗಿಲ್ಲಂತ, ಕಾಗದ ನೋಡಂಗಿಲ್ಲಂತ. ಮದಲ ಕೇಳೋದ ಇದಂತ: ಇದಕ್ಕ ಮಂದಿ ಏನಂತ ಕರೀತಾರ? ಇದನ್ನ ಅವನ ಹೆಂಡತಿ ನನಗ ಹೇಳಿದಳು. ಅವ ಹೇಳಲಿಲ್ಲ. ಊರಿಗೆ ಬಂದ್ರ ತೊಗರಿ ಮಾತು ತಗೀತಿರಲಿಲ್ಲ. ಸೀಟಿನೂ ನಾ ಮತ್ತ ಕೇಳಲಿಲ್ಲ.

ಅವ ಯುನಿವರ್ಸಿಟಿಗೆ ತಿರುಗಿ ಹೋದ ಮ್ಯಾಲ ಬಂದ ಮದಲನೇ ಮಿರಗದ ಮುಂದ ಕಾಕಾ ನನ್ನ ಖೋಲಿ ಹುಡಕ್ಕೊಂಡು ಬಂದ. ನಾನು ಖಾರ ಸೋಸಾಕತ್ತಿದ್ದೆ. ಬಾಗಲದಾಗ ಕುಂತು ಸೀನಿದ, ಬೆವರು ವರಸಿಕೊಂಡ.

"ತಂಗೆವ್ವಾ, ಡಾಕ್ಟರ್ ಇಲ್ಲೇನು?"

"ಹೋದ ಕಾಕಾ. ಕಂಪನಿ ಬಂದ್ ಆತು."

"ಸಾವಕಾರನೂ ಹಂಗ ಅಂದ. ನಿನ್ನ ಕಡೆ ಇರಬೇಕಲ್ಲ, ಎರಡು ಪಾಕೀಟು."

ಇದ್ದವು. ಕಡೀ ಸಂತ್ಯಾಗ ಹೋಗದ ಉಳದ ಒಂದು ಸಣ್ಣ ಪೆಟಗಿ ಮೂಲ್ಯಾಗ ಇತ್ತು, ಅದರ ಮ್ಯಾಲ ಕೊಡಾ ಇಟ್ಟಿದ್ದೆ. ಕಾಕಾನ ಕಣ್ಣು ಅದರ ಮ್ಯಾಲ ಬಿದ್ದಿತ್ತು.

"ಕಾಕಾ, ಅದು ಸತ್ತದ. ನಮ್ಮ ತಮ್ಮ ನಿನಗ ಹೇಳ್ಯಾನ. ಅದರಾಗ ಏನೂ ಇಲ್ಲ, ಬರೇ ಕರಿ ಪುಡಿ."

"ಸತ್ತಿದ್ರೂ ನಡೀತದವ್ವಾ. ಹೋದ ವರ್ಷದ್ದೂ ಸತ್ತಿತ್ತು ಅಂದ್ರಿ. ಬೆಳಿ ಬರಲಿಲ್ಲೇನು?"

ನಾ ಅವನ ಮುಖ ನೋಡಿದೆ. ಚ್ಯಾಷ್ಟಿ ಮಾಡಾಕತ್ತಿರಲಿಲ್ಲ. ಕೊಡಾ ಇಳಿಸಿ ಎರಡು ಪಾಕೀಟು ತಗದು ಕೊಟ್ಟೆ. ಏನು ಮಾಡಲಿ?

ಅವ ರೊಕ್ಕಾ ತಗಿಯಾಕ ಹೋದ. ನಾ ಬ್ಯಾಡ ಅಂದೆ. ಅವಗ ಸಮಾಧಾನ ಆಗಲಿಲ್ಲ. "ಪುಕ್ಕಟ ತಗೊಂಡ ದವಾ ಹತ್ತಂಗಿಲ್ಲ," ಅಂದು ಹೆಗಲ ಮ್ಯಾಲಿನ ಗಂಟು ಬಿಚ್ಚಿ, ತನ್ನ ಹೊಲದ ತೊಗರಿ ಬ್ಯಾಳಿ ಬೊಗಸಿ ತುಂಬ ನನ್ನ ಮೊರದಾಗ ಸುರುವಿದ. ಪಾಕೀಟು ಎರಡೂ ಮಕ್ಕಳ ಕೈಗೆ ಸಿಗದಂಗ ರುಮಾಲಿನಾಗ ಮೇಲಕ್ಕ ಕಟ್ಟಿಕೊಂಡು, ಬಿಸಲಿನಾಗ ಬಸ್ ಸ್ಟ್ಯಾಂಡಿನ ಕಡೆ ಹೋದ.

ಆ ಬ್ಯಾಳಿ ಸಂಜೀಕ ಹಾಕಿದೆ. ಛಲೋ ಬೆಂದಿತು.